ಮಂಗಳವಾಡದ ಬಿಜ್ಜಳ: ಕಲ್ಯಾಣವನ್ನು ಕಳೆದುಕೊಂಡ ದೊರೆ

ನಮ್ಮ ತಾಲೂಕಿನ ಮುಖ್ಯ ಸ್ಥಳವಾದ ಮಂಗಳವೇಢೆಯನ್ನು ಇಂದು ಸಂತರ ಭೂಮಿಯೆಂದು ಕರೆಯುತ್ತಾರೆ. ದಾಮಾಜಿಪಂತರು, ಚೋಖಾಮೇಳರು, ಕಾನ್ಹೋಪಾತ್ರೆ ಇವರ ಹೆಸರುಗಳಿಂದ ಆ ಊರು ಮಹಾರಾಷ್ಟ್ರದ ಉದ್ದಗಲಕ್ಕೂ ಪರಿಚಿತವಾಗಿದೆ. ಆದರೆ ಈ ಸಂತರೆಲ್ಲರಿಗಿಂತ ಹಿಂದೆ, 12ನೆಯ ಶತಮಾನದಲ್ಲಿ, ಅದು ಒಂದು ರಾಜಧಾನಿಯಾಗಿತ್ತು. ಮಂಗಳವಾಡವೆಂದು ಹೆಸರುಗೊಂಡಿದ್ದ ಆ ಪಟ್ಟಣದಿಂದ ಆಳಿದ ಕಳಚುರಿ ವಂಶದ ಬಿಜ್ಜಳನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅವನ ಬಾಳಿನ ಕಥೆಯನ್ನು ತಿಳಿದವರು ಇನ್ನೂ ವಿರಳ.

ಶಾಲೆಗಳ ಸ್ನೇಹಸಮ್ಮೇಳನಗಳಲ್ಲಿ ಬಸವಣ್ಣನವರ ನಾಟಕ ಆಡಿಸುವಾಗ ಬಿಜ್ಜಳನ ಪಾತ್ರಕ್ಕೆ ದಪ್ಪ ಮೀಸೆ ಹಚ್ಚಿದ, ಗಟ್ಟಿ ದನಿಯ ಹುಡುಗನೊಬ್ಬನಿದ್ದರೆ ಸಾಕೆಂಬುದು ವಾಡಿಕೆ. ಅವನು ಎರಡು ಬಾರಿ ಗರ್ಜಿಸುತ್ತಾನೆ, ಒಂದು ಬಾರಿ ಶಿಕ್ಷೆ ವಿಧಿಸುತ್ತಾನೆ, ತೆರೆ ಬೀಳುತ್ತದೆ. ಕನ್ನಡಿಗರು ತಮ್ಮ ಸುವರ್ಣಯುಗವೆಂದು ನೆನೆಯುವ ಕಲ್ಯಾಣದ ಕಾಲವು ಈ ದೊರೆಯ ಆಳಿಕೆಯ ಕಾಲವೇ ಎಂಬುದು ಆ ಗರ್ಜನೆಯಲ್ಲಿ ಮರೆತುಹೋಗುತ್ತದೆ. ನಮ್ಮ ಮಕ್ಕಳು ನಾಲ್ಕನೆಯ ಇಯತ್ತೆಯಲ್ಲಿ ಛತ್ರಪತಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಓದುತ್ತಾರೆ. ಅದು ಸಂತೋಷದ ವಿಷಯ. ಆದರೆ ಕನ್ನಡದ ಇತಿಹಾಸವೆಂದರೆ ಹಂಪಿ, ಬಾದಾಮಿ, ಮೈಸೂರು, ಅಂದರೆ ಗಡಿಯಾಚೆ ಎಲ್ಲೋ ನಡೆದದ್ದು ಎಂಬ ಭಾವನೆ ಅವರಲ್ಲಿ ಬೇರೂರಿದೆ. ಶತಮಾನ ಪೂರೈಸಿದ ಕನ್ನಡ ಶಾಲೆಯ ಈ ಸಂಪುಟದಲ್ಲಿ ನಮ್ಮದೇ ತಾಲೂಕಿನ ದೊರೆಯ ಚರಿತ್ರೆಗೆ ಸ್ಥಳ ದೊರೆಯುವುದು ಯೋಗ್ಯವೆಂದು ನನಗೆ ತೋರಿತು.

ಕಳಚುರಿಗಳು ತಮ್ಮನ್ನು ಕಾಲಂಜರಪುರದ ಅಧೀಶ್ವರರೆಂದು ಹೇಳಿಕೊಂಡರು. ಕಾಲಂಜರವು ಬುಂದೇಲಖಂಡದ ಪ್ರಸಿದ್ಧ ದುರ್ಗ. ಉತ್ತರದ ಆ ಹಿರಿಮೆಯನ್ನು ಬಿರುದಿನಲ್ಲಿ ಮಾತ್ರ ಉಳಿಸಿಕೊಂಡು, ಭೀಮಾ ತೀರದ ಈ ಕರಿನೆಲದಲ್ಲಿ ಅವರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ನೆಲೆಸಿದರು. ಬಿಜ್ಜಳನ ಅಜ್ಜ ಜೋಗಮ, ತಂದೆ ಪೆರ್ಮಾಡಿ. ಇಂದಿನ ವಿಜಯಪುರ ಜಿಲ್ಲೆಯ ಬಹುಭಾಗವನ್ನು ಒಳಗೊಂಡಿದ್ದ ತರ್ದವಾಡಿ 1000 ಎಂಬ ನಾಡು ಅವರ ಆಳಿಕೆಯಲ್ಲಿತ್ತು. ಬಿಜ್ಜಳನ ಕಾಲಕ್ಕೆ ಕರಹಾಟ 4000, ಅಂದರೆ ಇಂದಿನ ಕರಾಡದ ಸುತ್ತಿನ ನಾಡೂ ಅದಕ್ಕೆ ಸೇರಿತು. ಕಳಚುರಿಗಳ ಬಾವುಟದಲ್ಲಿದ್ದುದು ಬಂಗಾರದ ವೃಷಭ. ಬಸವ ಎಂಬ ಶಬ್ದವೂ ವೃಷಭದಿಂದಲೇ ಬಂದದ್ದು ಎಂಬುದನ್ನು ನೆನೆದಾಗ, ಮುಂದೆ ಆದದ್ದೆಲ್ಲ ತಿಳಿದವರಿಗೆ ಈ ಬಾವುಟವು ವಿಧಿಯ ವಿನೋದವಾಗಿ ತೋರದೆ ಇರದು.

ಬಿಜ್ಜಳನು ಬೆಳೆಯುತ್ತಿದ್ದಾಗ ಕಲ್ಯಾಣದ ಹೆಸರು ದೇಶದೇಶಾಂತರಗಳಿಗೆ ಹಬ್ಬಿತ್ತು. 1076ರಿಂದ 1126ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನು ಶಕವರ್ಷವನ್ನು ಬದಿಗಿರಿಸಿ ತನ್ನ ಹೆಸರಿನಲ್ಲಿಯೇ ವರ್ಷಗಣನೆ ಆರಂಭಿಸಿದವನು. ಕಾಶ್ಮೀರದಿಂದ ಬಂದ ಬಿಲ್ಹಣನು ಅವನ ಆಸ್ಥಾನದಲ್ಲಿದ್ದು ಅವನ ಚರಿತ್ರೆಯನ್ನು ಸಂಸ್ಕೃತ ಕಾವ್ಯವಾಗಿಸಿದನು. ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ಬಂಗಾಳವೊಂದನ್ನು ಬಿಟ್ಟು ಬಹುಮಟ್ಟಿಗೆ ಇಡೀ ಭಾರತದ ಹಿಂದೂ ದಾಯಭಾಗ ನ್ಯಾಯಕ್ಕೆ ಆಧಾರವಾಯಿತು. ಕಲ್ಯಾಣದಂಥ ನಗರ ಹಿಂದೆ ಇರಲಿಲ್ಲ, ಮುಂದೆ ಇರಲಾರದು ಎಂಬ ಅರ್ಥದ ಮಾತನ್ನು ಆ ಪಂಡಿತನು ಗ್ರಂಥದ ಕೊನೆಗೆ ಬರೆದಿಟ್ಟನು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಅಡುಗೆಯಿಂದ ಆನೆ ಪಳಗಿಸುವುದರ ವರೆಗೆ ಎಲ್ಲ ವಿಷಯಗಳನ್ನೂ ಹೇಳುವ ಮಾನಸೋಲ್ಲಾಸವನ್ನು ರಚಿಸಿದನು. ಆದರ್ಶ ಆಸ್ಥಾನವೆನ್ನಲು ಇನ್ನೇನು ಬೇಕು? ಐವತ್ತು ವರ್ಷಗಳ ಸ್ಥಿರ ರಾಜ್ಯಭಾರ, ಕವಿಗಳು, ಪಂಡಿತರು, ಶಿಲ್ಪಿಗಳು ಎಲ್ಲವೂ ಇದ್ದುವು. ಆದರೂ ಹಳ್ಳಿಯ ಮುದುಕಿಯೊಬ್ಬಳು ಕಲ್ಯಾಣವೆಂದಾಗ ಅವಳ ಕಣ್ಣ ಮುಂದೆ ವಿಕ್ರಮಾದಿತ್ಯನು ಬರುವುದಿಲ್ಲ. ಅವನ ಕಲ್ಯಾಣವು ಪಂಡಿತರ ಪುಸ್ತಕಗಳಲ್ಲಿ ಉಳಿಯಿತು. ಜನರ ಕಲ್ಯಾಣವು ಅವನ ಅನಂತರದ್ದು, ಹತ್ತು ವರ್ಷವೂ ತುಂಬಿ ನಿಲ್ಲದ್ದು, ರಕ್ತಪಾತದಲ್ಲಿ ಮುಗಿದದ್ದು.

ವಿಕ್ರಮಾದಿತ್ಯನ ಪೀಳಿಗೆ ಮೂರನೆಯ ತೈಲಪನ ಹೊತ್ತಿಗೆ ಸೊರಗಿತ್ತು. ಕಾಕತೀಯ ಪ್ರೋಲನು ಈ ತೈಲಪನನ್ನು ಯುದ್ಧದಲ್ಲಿ ಸೆರೆಹಿಡಿದು ಬಿಟ್ಟುಕೊಟ್ಟನೆಂದು ಪ್ರೋಲನ ಮಗ ರುದ್ರದೇವನ 1163ರ ಅನುಮಕೊಂಡ ಶಾಸನ ಹೇಳುತ್ತದೆ. ಸಾಮಂತನೊಬ್ಬನು ಚಕ್ರವರ್ತಿಯನ್ನು ಹಿಡಿದು ಕನಿಕರಿಸಿ ಬಿಟ್ಟನೆಂದರೆ ಆ ಚಕ್ರವರ್ತಿಯ ಪದವಿಗೆ ಉಳಿದ ಬೆಲೆಯೇನು? ಮಂಗಳವಾಡದಲ್ಲಿ ಕುಳಿತಿದ್ದ ಬಿಜ್ಜಳನು ಇದನ್ನು ಬೇರೆಲ್ಲರಿಗಿಂತ ಮೊದಲು ಅರಿತನು. ಅವನು ಅವಸರ ಮಾಡಲಿಲ್ಲ. ಮೊದಲು ದಂಡನಾಯಕರನ್ನು ಒಲಿಸಿಕೊಂಡನು. ಮಗಳು ಸಿರಿಯಾದೇವಿಯನ್ನು ಎರಂಬರಗೆಯ, ಎಂದರೆ ಇಂದಿನ ಯಲಬುರ್ಗಿಯ, ಸಿಂದ ಅರಸ ಚಾವುಂಡನಿಗೆ ಕೊಟ್ಟು ನಂಟು ಬೆಳೆಸಿದನು. 1157ರ ಹೊತ್ತಿಗೆ ಚಕ್ರವರ್ತಿಗೆ ಸಲ್ಲುವ ಬಿರುದುಗಳು ಅವನ ಹೆಸರಿಗೆ ಅಂಟಿಕೊಂಡಿದ್ದುವು, ಅವನ ಆಳಿಕೆಯ ವರ್ಷಗಳನ್ನು ಎಣಿಸುವ ರೂಢಿಯೂ ಶಾಸನಗಳಲ್ಲಿ ಆರಂಭವಾಗಿತ್ತು. ನಿಶ್ಶಂಕಮಲ್ಲ, ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳಲ್ಲಿ ಕೊನೆಯದು ನನಗೆ ಬಹಳ ಇಷ್ಟ. ಶನಿವಾರದಂದು ಕೈಹಾಕಿದ ಕೆಲಸವೂ ಸಿದ್ಧಿಸುವುದೆಂದು ಸಾರಿಕೊಳ್ಳಲು ಸಾಮಾನ್ಯ ಧೈರ್ಯ ಸಾಲದು.

ಇವನ ಮಂಗಳವಾಡಕ್ಕೆ ಬಾಗೇವಾಡಿಯ ಮಾದರಸನ ಮಗ ಬಸವರಸನು ಕೂಡಲಸಂಗಮದಿಂದ ಬಂದನು. ಬಸವಣ್ಣನವರ ಚರಿತ್ರೆಯನ್ನು ಕನ್ನಡದಲ್ಲಿ ಮೊದಲು ಹೇಳಿದ ಹರಿಹರನು ಅವರನ್ನು ಕರೆತರುವುದು ಈ ಮಂಗಳವಾಡಕ್ಕೇ. ಅವರು ಲೆಕ್ಕ ಬರೆಯುವ ಕರಣಿಕರಾಗಿ ಸೇರಿ ತಮ್ಮ ನಿಷ್ಠೆಯಿಂದಲೂ ಲೆಕ್ಕದ ಚೊಕ್ಕತನದಿಂದಲೂ ಭಂಡಾರಿಯ ಪದವಿಗೆ ಏರಿದರೆಂದು ಪರಂಪರೆ ಹೇಳುತ್ತದೆ. ಬಿಜ್ಜಳನಿಗೆ ಮನುಷ್ಯರನ್ನು ಗುರುತಿಸುವ ಕಣ್ಣಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಣದ ಕೈ ಅತ್ಯಂತ ಮುಖ್ಯವಾದ ಹೊತ್ತಿನಲ್ಲಿ, ಸಿಂಹಾಸನವನ್ನೇ ಕೈವಶ ಮಾಡಿಕೊಳ್ಳಲು ಹೊರಟಾಗ, ಅವನು ಬೊಕ್ಕಸದ ಬೀಗದಕೈಯನ್ನು ಯುವಕ ಕರಣಿಕನಿಗೆ ಒಪ್ಪಿಸಿದನು.

ಈ ಬೊಕ್ಕಸದ ಸುತ್ತ ಒಂದು ಕಥೆ ಬೆಳೆದಿದೆ. ಭಂಡಾರಿ ಬಸವಣ್ಣನು ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಚಾಡಿಕೋರರು ದೂರಿದರು. ಬಿಜ್ಜಳನು ಲೆಕ್ಕ ಕೇಳಿದನು. ಎಣಿಸಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲ. ಇದೇ ಮಂಗಳವೇಢೆಯಲ್ಲಿ ಸುಮಾರು ಮುನ್ನೂರು ವರ್ಷಗಳ ಅನಂತರ ಬಹಮನಿ ಸುಲ್ತಾನರ ಅಧಿಕಾರಿಯಾಗಿದ್ದ ದಾಮಾಜಿಪಂತರ ಕಥೆಯನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಘೋರ ಬರಗಾಲದಲ್ಲಿ ಅವರು ಸರಕಾರದ ಧಾನ್ಯದ ಕೋಠಿಯನ್ನು ಹಸಿದವರಿಗೆ ತೆರೆದರು. ಬೀದರದಿಂದ ಕರೆ ಬಂತು. ಅವರು ತಲುಪುವ ಮುನ್ನವೇ ವಿಠ್ಠಲನು ವಿಠೂ ಮಹಾರನ ವೇಷದಲ್ಲಿ ಬಾದಶಹನ ಮುಂದೆ ಹಣ ಸುರಿದು ರಸೀದಿ ಪಡೆದಿದ್ದನು. ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಊರು ಒಂದೇ. ಎರಡರಲ್ಲಿಯೂ ಲೆಕ್ಕದ ಅಧಿಕಾರಿ, ಎರಡರಲ್ಲಿಯೂ ಅನ್ನದಾನ, ಎರಡರಲ್ಲಿಯೂ ದೊರೆಯ ಸಂಶಯ, ಎರಡರಲ್ಲಿಯೂ ಕೊನೆಗೆ ತುಂಬಿದ ಬೊಕ್ಕಸ. ಒಂದನ್ನು ನಾವು ಕನ್ನಡದಲ್ಲಿ ಹೇಳುತ್ತೇವೆ, ಇನ್ನೊಂದನ್ನು ಮರಾಠಿಯಲ್ಲಿ. ಮಳೆಯನ್ನು ನಂಬಿ ಜೋಳ ಬೆಳೆಯುವ ಈ ನೆಲದಲ್ಲಿ ಬರ ಹೊಸದಲ್ಲ. ಒಳ್ಳೆಯ ಆಡಳಿತವೆಂದರೆ ಏನೆಂದು ಕೇಳಿದರೆ ಇಲ್ಲಿಯ ಜನ ಯುದ್ಧದ ಗೆಲುವನ್ನಾಗಲಿ ಅರಮನೆಯನ್ನಾಗಲಿ ತೋರಿಸಲಿಲ್ಲ, ಹಸಿದವನಿಗೆ ತೆರೆದ ಕೋಠಿಯನ್ನೂ ತಪ್ಪಿಲ್ಲದ ಲೆಕ್ಕವನ್ನೂ ತೋರಿಸಿದರು. ಕಲ್ಯಾಣದ ಆದರ್ಶದ ಬೀಜ ಇಲ್ಲಿದೆ ಎಂದು ನಾನು ತಿಳಿಯುತ್ತೇನೆ. ಆ ಕಥೆಯಲ್ಲಿ ದೊರೆಗೆ ಉಳಿಯುವುದು ಸಂಶಯಪಡುವ ಪಾತ್ರವೊಂದೇ.

1162ರ ವೇಳೆಗೆ ತೈಲಪನು ಕಲ್ಯಾಣವನ್ನು ಬಿಟ್ಟು ಅಣ್ಣಿಗೇರಿಯನ್ನು ಸೇರಿದ್ದನು, ಬಿಜ್ಜಳನು ಅವನನ್ನು ಅಲ್ಲಿಯೂ ಬೆನ್ನಟ್ಟಿದನು. ಮುಂದಿನ ವರ್ಷದ ಹೊತ್ತಿಗೆ ತೈಲಪನು ತೀರಿಕೊಂಡನು. ಕಳಚುರಿಯ ರಾಜಧಾನಿ ಮಂಗಳವಾಡದಿಂದ ಕಲ್ಯಾಣಕ್ಕೆ ಸರಿಯಿತು. ಇದನ್ನು ಸ್ವಾಮಿದ್ರೋಹವೆನ್ನುವವರುಂಟು. ಹಾಗೆ ನೋಡಿದರೆ ಚಾಲುಕ್ಯರೂ ಇಂಥದೇ ದಾರಿಯಲ್ಲಿ ರಾಷ್ಟ್ರಕೂಟರಿಂದ ರಾಜ್ಯ ಪಡೆದವರು. ಕಲ್ಯಾಣದ ಚಾಲುಕ್ಯರ ಮೊದಲಿಗನಾದ ಎರಡನೆಯ ತೈಲಪನು ತರ್ದವಾಡಿಯಲ್ಲಿದ್ದ ಸಾಮಂತನೇ. ಎರಡು ನೂರು ವರ್ಷಗಳ ಅಂತರದಲ್ಲಿ ಒಂದೇ ನಾಡಿನಿಂದ ಎದ್ದ ಇಬ್ಬರು ಸಾಮಂತರು ತಮ್ಮ ಚಕ್ರವರ್ತಿಗಳನ್ನು ಕೆಳಗಿಳಿಸಿದರು. ಮೊದಲನೆಯವನು ವಂಶಸ್ಥಾಪಕನೆನಿಸಿದನು. ಎರಡನೆಯವನ ವಂಶ ಬೇಗ ಅಳಿದುದರಿಂದ ದ್ರೋಹಿಯೆಂಬ ಹೆಸರು ಉಳಿಯಿತು.

ಆಳಿಕೆಯಲ್ಲಿ ಬಿಜ್ಜಳನು ಸಮರ್ಥನೇ ಆಗಿದ್ದನು. 1162ರಲ್ಲಿ ದಕ್ಷಿಣದ ನಾಡುಗಳನ್ನು ಹದ್ದಿನಲ್ಲಿಡಲು ದಂಡೆತ್ತಿ ಹೋದಾಗ ಅವನು ಬಳ್ಳಿಗಾವೆಯಲ್ಲಿ ಬೀಡುಬಿಟ್ಟು ಅಲ್ಲಿಯ ಕೇದಾರೇಶ್ವರನಿಗೆ ದತ್ತಿ ಬಿಟ್ಟನು. ಆ ಸಂದರ್ಭದ ಶಾಸನವು ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ವರ್ಣಿಸುವ ರೀತಿಯನ್ನು ನಮ್ಮ ಶಿಕ್ಷಕಬಂಧುಗಳು ಒಮ್ಮೆಯಾದರೂ ಗಮನಿಸಬೇಕು. ನಾಲ್ಕು ವೇದಗಳನ್ನೂ, ಹಲವು ವ್ಯಾಕರಣ ಪದ್ಧತಿಗಳನ್ನೂ, ಆರು ದರ್ಶನಗಳನ್ನೂ, ಯೋಗಶಾಸ್ತ್ರವನ್ನೂ, ಹದಿನೆಂಟು ಪುರಾಣಗಳನ್ನೂ, ಕಾವ್ಯ ನಾಟಕಗಳನ್ನೂ ಕಲಿಸುವ ಜಾಗ ಅದು. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು, ಯಾವ ಜೀವಿಗೂ ಅಲ್ಲಿ ಭಯವಿಲ್ಲವೆಂದು ಶಾಸನ ಸಾರುತ್ತದೆ. ಪಾಠಶಾಲೆ, ಅನ್ನಛತ್ರ, ಆಸ್ಪತ್ರೆ ಮೂರೂ ಒಂದೆಡೆ! ಅದು ಬಿಜ್ಜಳನೇ ಕಟ್ಟಿಸಿದ ಮಠವಲ್ಲ, ಅವನಿಗಿಂತ ಹಿಂದಿನದು, ಕಾಳಾಮುಖ ಯತಿಗಳದು. ಆದರೆ ಅವನ ಆಶ್ರಯ ಅದಕ್ಕೆ ದೊರೆಯಿತು. ಪುರಾಣಗಳು ಬಿಜ್ಜಳನನ್ನು ಶಿವದ್ವೇಷಿ ಜೈನನೆಂದು ಚಿತ್ರಿಸಿದವು. ಕಲ್ಲುಗಳು ಅವನು ಶಿವಾಲಯಕ್ಕೆ ಬಿಟ್ಟ ಭೂಮಿಯ ಲೆಕ್ಕವನ್ನು ಇಟ್ಟುಕೊಂಡಿವೆ. 1200ರ ಸುಮಾರಿನ ಅಬ್ಬಲೂರಿನ ಶಾಸನದಲ್ಲಿಯೂ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ವಾದದಲ್ಲಿ ರಾಮಯ್ಯನಿಗೆ ಜಯಪತ್ರ ಕೊಟ್ಟವನು ಇದೇ ಬಿಜ್ಜಳ.

ಇಷ್ಟಾದರೂ ಜನಮನದಲ್ಲಿ ಉಳಿದ ಕಲ್ಯಾಣವು ಬಿಜ್ಜಳನ ಓಲಗವಲ್ಲ, ಅವನ ಭಂಡಾರಿಯ ಮನೆಯಂಗಳ. ಅಲ್ಲಿಗೆ ಅಗಸರ ಮಾಚಯ್ಯ ಬಂದನು, ಅಂಬಿಗರ ಚೌಡಯ್ಯ ಬಂದನು, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯ, ತೊಗಲು ಹದಮಾಡುವ ಡೋಹರ ಕಕ್ಕಯ್ಯ, ಕ್ಷೌರಿಕರ ಹಡಪದ ಅಪ್ಪಣ್ಣ ಬಂದರು. ಉಡುತಡಿಯಿಂದ ಅಕ್ಕಮಹಾದೇವಿ ಬಂದಳು. ನಮ್ಮ ಸೊನ್ನಲಿಗೆಯಿಂದ, ಅಂದರೆ ಇಂದಿನ ಸೊಲ್ಲಾಪುರದಿಂದ, ಕೆರೆ ತೋಡಿಸಿ ಗುಡಿ ಕಟ್ಟಿಸಿ ಜನರನ್ನು ದುಡಿಮೆಗೆ ಹಚ್ಚಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಕರೆದೊಯ್ದನು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಕಳುಹಿದಳು. ಒಂದು ಸಾಮ್ರಾಜ್ಯದ ರಾಜಧಾನಿಯ ಬಗ್ಗೆ ಎಂಟು ನೂರು ವರ್ಷ ಜನ ನೆನಪಿಟ್ಟುಕೊಂಡದ್ದು ಒಂದು ಮುಷ್ಟಿ ಹೆಚ್ಚಿನ ಅಕ್ಕಿಯ ಕಥೆಯನ್ನು. ಇತಿಹಾಸ ಕಲಿಸುವಾಗ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸುವ ನಾವು ಇದನ್ನು ಯೋಚಿಸಬೇಕಾಗಿದೆ.

ಇದೆಲ್ಲ ನಡೆಯುತ್ತಿದ್ದಾಗ ಬಿಜ್ಜಳನು ಏನು ಮಾಡುತ್ತಿದ್ದನು? ಸುಮ್ಮನಿದ್ದನು. ಆ ಸುಮ್ಮನಿದ್ದುದಕ್ಕೆ ಬೆಲೆಯುಂಟು. ತನ್ನ ಮಂತ್ರಿಯ ಮನೆಯಲ್ಲಿ ಹೊಲೆಯರೂ ಬ್ರಾಹ್ಮಣರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು 12ನೆಯ ಶತಮಾನದ ಅರಸನೊಬ್ಬನು ವರ್ಷಗಟ್ಟಲೆ ಸಹಿಸಿದ್ದು ಸಣ್ಣ ಸಂಗತಿಯಲ್ಲ. ಆಸ್ಥಾನದ ಹಿರಿಯರು ದೂರು ತಂದಾಗಲೆಲ್ಲ ಅವನು ವಿಚಾರಿಸಿದನು, ಕೇಳಿದನು, ಬಿಟ್ಟನು. ಅವನಿಗೆ ತನ್ನ ಭಂಡಾರಿಯ ಮೇಲೆ ಪ್ರೀತಿಯಿತ್ತೆಂದು ಕೆಲವು ನಾಟಕಕಾರರು ಊಹಿಸಿದ್ದಾರೆ. ಪ್ರೀತಿಯೋ ಲೆಕ್ಕಾಚಾರವೋ, ಸಿಂಹಾಸನ ಇನ್ನೂ ಗಟ್ಟಿಯಾಗಿರದ ಅರಸನಿಗೆ ಕಸಬುದಾರರ ಒಲವು ಬೇಕಾಗಿದ್ದಿರಬಹುದು. ಕಾರಣ ಏನೇ ಇರಲಿ, ಶರಣರಿಗೆ ದೊರೆತ ಆ ಕೆಲವು ವರ್ಷಗಳ ಬಿಡುವು ಬಿಜ್ಜಳನ ಆಳಿಕೆಯಲ್ಲಿ ದೊರೆತದ್ದು.

ಆ ಬಿಡುವು ಒಂದು ಮದುವೆಯಲ್ಲಿ ಮುಗಿಯಿತು. ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವಯ್ಯನ ಮಗಳನ್ನು ಸಮಗಾರನಾಗಿ ಹುಟ್ಟಿ ಶರಣನಾದ ಹರಳಯ್ಯನ ಮಗನಿಗೆ ಕೊಟ್ಟರು. ಒಂದೇ ಪಂಕ್ತಿಯ ಊಟವನ್ನು ನುಂಗಿಕೊಂಡಿದ್ದ ಪುರಕ್ಕೆ ಇದು ನುಂಗಲಾರದ ತುತ್ತಾಯಿತು. ವರ್ಣಧರ್ಮದ ರಕ್ಷಣೆ ಅರಸನ ಕರ್ತವ್ಯವೆಂದು ಶಾಸ್ತ್ರಜ್ಞರು ಬಿಜ್ಜಳನನ್ನು ಒತ್ತಾಯಿಸಿದರು. ಚಾಲುಕ್ಯರ ಸಿಂಹಾಸನವನ್ನು ಕಿತ್ತುಕೊಂಡಿದ್ದ ಅರಸನಿಗೆ ತಾನು ಧರ್ಮರಕ್ಷಕನೆಂದು ತೋರಿಸುವ ಅಗತ್ಯ ಇತರ ಅರಸರಿಗಿಂತ ಹೆಚ್ಚಾಗಿತ್ತು. ಪರಂಪರೆಯ ಪ್ರಕಾರ ಹರಳಯ್ಯ ಮಧುವಯ್ಯರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿಸಿ ಎಳೆಯಿಸಿದರು. ಈ ಶಿಕ್ಷೆಗೆ ಯಾವ ಸಮರ್ಥನೆಯೂ ಇಲ್ಲ. ಕಾಲಧರ್ಮವೆಂದು ಹೇಳಿ ಅದನ್ನು ಹಗುರಗೊಳಿಸುವವರ ಜೊತೆಗೆ ನಾನಿಲ್ಲ. ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಅದು ತಪ್ಪೆಂದು ತಿಳಿದಿದ್ದ ಸಾವಿರಾರು ಜನರಿದ್ದರು. ಬಿಜ್ಜಳನೂ ಅವರ ಮಾತನ್ನು ವರ್ಷಗಟ್ಟಲೆ ಕೇಳಿದ್ದನು.

ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ತೆರಳಿದರು. ಚೆನ್ನಬಸವಣ್ಣ, ಅಕ್ಕನಾಗಮ್ಮ ಮೊದಲಾದವರು ವಚನಗಳ ಕಟ್ಟುಗಳೊಂದಿಗೆ ಉಳವಿಯ ಕಾಡಿನತ್ತ ಹೊರಟರು. 1167-68ರ ಸುಮಾರಿಗೆ ಬಿಜ್ಜಳನ ಆಳಿಕೆ ಮುಗಿದು ಮಗ ಸೋವಿದೇವನು ಪಟ್ಟಕ್ಕೆ ಬಂದನು. ಬಿಜ್ಜಳನ ಅಂತ್ಯವನ್ನು ಇಬ್ಬರು ಎರಡು ಬಗೆಯಾಗಿ ಹೇಳಿದರು. ವೀರಶೈವ ಪುರಾಣಗಳಲ್ಲಿ ಜಗದೇವ ಮತ್ತು ಅವನ ಸಂಗಡಿಗರು ಅರಮನೆಗೆ ನುಗ್ಗಿ ಅರಸನನ್ನು ಇರಿದು ಹರಳಯ್ಯನ ಸೇಡು ತೀರಿಸಿಕೊಳ್ಳುತ್ತಾರೆ. ಜೈನಕವಿ ಧರಣಿಪಂಡಿತನ ಬಿಜ್ಜಳರಾಯಚರಿತೆಯ ಪರಂಪರೆಯಲ್ಲಿ, ಕೊಲ್ಲಾಪುರದ ಶಿಲಾಹಾರರ ಮೇಲಿನ ದಂಡಯಾತ್ರೆಯಿಂದ ಮರಳುತ್ತ ಭೀಮಾ ತೀರದಲ್ಲಿ ಬೀಡುಬಿಟ್ಟಾಗ ವಿಷದ ಹಣ್ಣು ತಿಂದು ಅವನು ಸಾಯುತ್ತಾನೆ. ಒಂದರಲ್ಲಿ ಅವನು ದಂಡನೆಗೆ ಅರ್ಹನಾದ ಅಪರಾಧಿ, ಇನ್ನೊಂದರಲ್ಲಿ ವಂಚನೆಗೆ ಬಲಿಯಾದ ಸತ್ಪುರುಷ. ಎರಡರಲ್ಲಿಯೂ ಅವನು ಹಾಸಿಗೆಯ ಮೇಲೆ ಶಾಂತವಾಗಿ ಸಾಯುವುದಿಲ್ಲ. ಕಥೆ ಹೇಳುವವರಿಗೆ ಅವನ ಸಾವು ದೊಡ್ಡದಾಗಿಯೇ ಬೇಕಾಗಿತ್ತು.

ಸೋವಿದೇವನ ಅನಂತರ ಅವನ ತಮ್ಮಂದಿರು ಒಬ್ಬರಾದ ಮೇಲೊಬ್ಬರು ಆಳಿದರು: ಸಂಕಮ, ಆಹವಮಲ್ಲ, ಸಿಂಘಣ. 1183-84ರಲ್ಲಿ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ಕಲ್ಯಾಣವನ್ನು ಮರಳಿ ಪಡೆದನು, ಕೆಲವೇ ವರ್ಷಗಳಲ್ಲಿ ಅದು ದೇವಗಿರಿಯ ಸೇವುಣರ ಪಾಲಾಯಿತು. ಕಳಚುರಿಗಳ ಚಕ್ರವರ್ತಿತ್ವ ಒಟ್ಟು ಕಾಲು ಶತಮಾನ.

ಇಲ್ಲಿಂದ ಮುಂದೆ ಬಿಜ್ಜಳನ ಎರಡನೆಯ ಬಾಳು ಆರಂಭವಾಗುತ್ತದೆ. ಬಸವಣ್ಣನವರ ಹೆಸರನ್ನು ಕಾಣುವ 1260ರ ಅರ್ಜುನವಾಡದ ಶಾಸನದ ಹೊತ್ತಿಗೆ ಕಲ್ಯಾಣದ ಶರಣರು ಯಾರೂ ಉಳಿದಿರಲಿಲ್ಲ, ಆದರೆ ಅವರ ಕಥೆ ನಾಡನ್ನು ಸುತ್ತುತ್ತಿತ್ತು. ಹರಿಹರನ ರಗಳೆ ಪೂರ್ತಿಯಾಗಿ ನಮ್ಮ ಕೈಗೆ ಬಂದಿಲ್ಲ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ಬಸವಪುರಾಣವನ್ನು ದ್ವಿಪದಿಯಲ್ಲಿ ಹಾಡಿದನು. ಅದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡ ಷಟ್ಪದಿಯಲ್ಲಿ ಬರೆದನು. ಮುಂದೆ 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶನಂಥ ಅಧಿಕಾರಿಗಳೂ ನೂರೊಂದು ವಿರಕ್ತರೂ ಚದುರಿದ್ದ ವಚನಗಳನ್ನು ಕೂಡಿಸಿದರು. ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದನು. ಕಲ್ಯಾಣದ ಗೋಷ್ಠಿಗಳನ್ನು ಸಂವಾದರೂಪದಲ್ಲಿ ಕಟ್ಟಿಕೊಡುವ ಶೂನ್ಯಸಂಪಾದನೆಗಳು ಸಿದ್ಧವಾದವು. ಅಲ್ಲಮನು ಶೂನ್ಯಸಿಂಹಾಸನವನ್ನು ಏರಿದನು. ಏಳುನೂರ ಎಪ್ಪತ್ತು ಅಮರಗಣಂಗಳು, ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ಕಲ್ಯಾಣವನ್ನು ತುಂಬಿದರು. ಒಂದು ರಾಜಾಸ್ಥಾನದ ನೆರಳಿನಲ್ಲಿ ಕುಳಿತವರು, 250 ವರ್ಷಗಳ ಹಿಂದಿನ ಇನ್ನೊಂದು ರಾಜಧಾನಿಯನ್ನು ಕಲ್ಪಿಸುವಾಗ, ಸಿಂಹಾಸನವನ್ನು ಅರಸನಿಂದ ಬಿಡಿಸಿ ಅಲೆದಾಡುವ ಅನುಭಾವಿಯೊಬ್ಬನನ್ನು ಕುಳ್ಳಿರಿಸಿದರು. ಬಿಜ್ಜಳನು ತನ್ನ ಕಲ್ಯಾಣವನ್ನು ನಿಜವಾಗಿ ಕಳೆದುಕೊಂಡದ್ದು ಆಗ.

ಜಗತ್ತಿನ ಬೇರೆಡೆಯೂ ಹೀಗೆಯೇ ಆಗಿದೆ. ಇಂಗ್ಲೆಂಡಿನ ದಂತಕಥೆಯ ಅರಸ ಆರ್ಥರನ ಕ್ಯಾಮೆಲಾಟ್ ಎಂಬ ಆಸ್ಥಾನದ ಹೆಸರು ಮೊದಲು ಕಾಣುವುದು ಫ್ರಾನ್ಸಿನ ಕವಿ ಕ್ರೆತಿಯೇನನ ಕಾವ್ಯದಲ್ಲಿ, ಇದೇ 12ನೆಯ ಶತಮಾನದ ಉತ್ತರಾರ್ಧದಲ್ಲಿ. ಅಂದರೆ ಕಲ್ಯಾಣ ಒಡೆದ ದಶಕಗಳ ಆಸುಪಾಸಿನಲ್ಲಿ. ಆ ಆಸ್ಥಾನವೂ ಒಳಜಗಳದಲ್ಲಿ ಒಡೆದ ಮೇಲೆಯೇ ಜನರಿಗೆ ಪ್ರಿಯವಾದದ್ದು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾದಾಗ ಅವರ ಪತ್ನಿ ಗಂಡನ ಅಲ್ಪಕಾಲದ ಆಡಳಿತವನ್ನು ನೆನೆಯಲು ಆರಿಸಿಕೊಂಡದ್ದೂ ಅದೇ ಹೆಸರು. ನಮ್ಮಲ್ಲಿ ಉಜ್ಜಯಿನಿಯ ವಿಕ್ರಮನ ನವರತ್ನಗಳಿದ್ದಾರೆ, ಕೃಷ್ಣದೇವರಾಯನ ಅಷ್ಟದಿಗ್ಗಜರಿದ್ದಾರೆ. ಆದರೆ ಅಲ್ಲೆಲ್ಲ ನಡುವೆ ಕುಳಿತವನು ಅರಸನೇ. ಅರಸನನ್ನು ಹೊರಗಿಟ್ಟು ಆಸ್ಥಾನವನ್ನು ಪೂಜಿಸಿದ ನಿದರ್ಶನ ಕಲ್ಯಾಣವೇ ಎಂಬುದು ಕನ್ನಡಿಗಳಾದ ನನಗೆ ಹೆಮ್ಮೆಯ ವಿಷಯ, ಬಿಜ್ಜಳನಿಗೆ ಅದರಿಂದ ಎಷ್ಟು ನಷ್ಟವಾಗಿದ್ದರೂ ಸರಿ.

ಆಧುನಿಕ ಕಾಲದಲ್ಲಿ ಈ ನೆನಪಿಗೆ ಮರುಜೀವ ಬಂದದ್ದು ನಮ್ಮ ನೆರೆಯ ವಿಜಯಪುರದಿಂದ. ಅಲ್ಲಿಯ ವಕೀಲ ಫ. ಗು. ಹಳಕಟ್ಟಿಯವರು ಮಠಮನೆಗಳ ಜಗುಲಿ ಅಟ್ಟಗಳಿಂದ ತಾಳೆಗರಿಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅನುಭವಮಂಟಪವನ್ನು ಜನ ಸಂಸತ್ತಿಗೆ ಹೋಲಿಸತೊಡಗಿದರು. ಸ್ವಾತಂತ್ರ್ಯಾನಂತರ ಪ್ರಜೆಗಳ ಹಿತಕ್ಕೆ ಬದ್ಧವಾದ ಸರಕಾರವನ್ನು ಹೆಸರಿಸಬೇಕಾದಾಗ ಕನ್ನಡಕ್ಕೆ ದೊರೆತ ಮಾತು ಕಲ್ಯಾಣರಾಜ್ಯ. ಆ ಶಬ್ದಕ್ಕೆ ಮಂಗಳವೆಂಬ ಅರ್ಥ ಮೊದಲೇ ಇತ್ತು, ನಿಜ. ಆದರೆ ಕನ್ನಡಿಗರ ಕಿವಿಗೆ ಅದು ಊರಿನ ಹೆಸರಾಗಿಯೂ ಕೇಳಿಸುತ್ತದೆ. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಆ ಹೆಸರನ್ನು ಹೊತ್ತ ಸಾರಿಗೆ ಬಸ್ಸುಗಳು ಈಗ ಅಕ್ಕಲಕೋಟೆ, ಸೊಲ್ಲಾಪುರಗಳಿಗೆ ಬರುತ್ತವೆ.

ನಾಟಕಕಾರರು ಬಿಜ್ಜಳನಿಗೆ ಪುರಾಣಗಳಿಗಿಂತ ಹೆಚ್ಚು ನ್ಯಾಯ ಒದಗಿಸಿದರು. ಲಂಕೇಶರ ಸಂಕ್ರಾಂತಿಯಲ್ಲಿಯೂ, 1990ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ತಲೆದಂಡದಲ್ಲಿಯೂ ಅವನು ಇಬ್ಬಂದಿಯಲ್ಲಿ ಸಿಕ್ಕ ಮನುಷ್ಯ. ಮೇಲಿನ ತರಗತಿಗಳ ಮಕ್ಕಳಿಗೆ ಇವುಗಳ ಒಂದೊಂದು ದೃಶ್ಯವನ್ನಾದರೂ ಓದಿಸಿದರೆ ದಪ್ಪ ಮೀಸೆಯ ಬಿಜ್ಜಳನ ಮುಖದಲ್ಲಿ ಒಂದಿಷ್ಟು ಚಿಂತೆಯೂ ಕಂಡೀತು.

ಮಂಗಳವೇಢೆಯಲ್ಲಿ ಇಂದು ಸಂತ ದಾಮಾಜಿಯವರ ಹೆಸರಿನ ಸಕ್ಕರೆ ಕಾರ್ಖಾನೆಯಿದೆ. ಬಸವಣ್ಣನವರ ಸ್ಮಾರಕ ಅಲ್ಲಿ ಆಗಬೇಕೆಂಬ ಬೇಡಿಕೆ ಬಹುಕಾಲದ್ದು, ಕನ್ನಡಿಗರೂ ಮರಾಠಿಗರೂ ಕೂಡಿಯೇ ಅದನ್ನು ಎತ್ತಿದ್ದಾರೆ. ಬಿಜ್ಜಳನ ಹೆಸರಿನಲ್ಲಿ ಅಂಥ ಬೇಡಿಕೆಯನ್ನು ನಾನು ಕೇಳಿಲ್ಲ. ನಮ್ಮ ಭಾಗದ ಕನ್ನಡ ಶಾಲೆಗಳು ಸಹಲಿಗೆಂದು ಬಸವಕಲ್ಯಾಣಕ್ಕೆ ಹೊರಡುವಾಗ ಬಸ್ಸು ನೇರವಾಗಿ ಸೊಲ್ಲಾಪುರದ ದಾರಿ ಹಿಡಿಯುತ್ತದೆ. ಮುಂದಿನ ವರ್ಷದಿಂದ ಮೊದಲ ನಿಲುಗಡೆಯನ್ನು ಮಂಗಳವೇಢೆಯಲ್ಲಿ ಮಾಡಬೇಕೆಂದೂ, ಕರಣಿಕ ಬಸವರಸನು ಲೆಕ್ಕ ಬರೆದ ಊರು ಇದೆಂದು ಹೇಳುವಾಗ ಆ ಲೆಕ್ಕವನ್ನು ಒಪ್ಪಿಸಿಕೊಂಡ ದೊರೆಯ ಹೆಸರನ್ನೂ ಮಕ್ಕಳಿಗೆ ಹೇಳಬೇಕೆಂದೂ ಸಹಶಿಕ್ಷಕರಲ್ಲಿ ಕೇಳಿಕೊಂಡಿದ್ದೇನೆ.